ಚಿಕ್ಕಮ್ಮನ ಕಾರ್ಡು

ಬಸ್ಸಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನಷ್ಟು ಬುದ್ಧಿ ಹೇಳಿದವರು ಇನ್ನೊಬ್ಬರಿಲ್ಲ. ಹೊಳಲ್ಕೆರೆಯಿಂದ ಹೊಸದುರ್ಗದ ಆಫೀಸಿಗೆ ದಿನಾ ಓಡಾಡುವ ನಾನು ಫೋನಿನಲ್ಲೇ ಸ್ಕ್ಯಾನ್ ಮಾಡಿ ಟಿಕೆಟ್ ತೆಗೆಸುತ್ತಿದ್ದೆ. ಜೇಬುಗಳ್ಳರ ಭಯವಿಲ್ಲ, ಚಿಲ್ಲರೆ ಜಗಳವಿಲ್ಲ. ಅವ್ವ ಮತ್ತು ಚಿಕ್ಕಮ್ಮ ಆಧಾರ್ ಕಾರ್ಡು ತೋರಿಸಿದರೆ ಸಾಕು, ಹೆಂಗಸರಿಗೆ ಪುಕ್ಕಟೆ. ಕಾರ್ಡು ಎಲ್ಲಾದರೂ ಬೀಳಿಸಿಕೊಂಡಾರೆಂದು ಎರಡಕ್ಕೂ ಹಿಂದೆ ನಂಬರ್ ಬರೆದು ಲ್ಯಾಮಿನೇಷನ್ ಮಾಡಿಸಿದ್ದೆ. ಫೋನಿಲ್ಲದ ಅವ್ವನ ಕಾರ್ಡಿಗೆ ನನ್ನ ನಂಬರ್, ಚಿಕ್ಕಮ್ಮನ ಕಾರ್ಡಿಗೆ ಅವಳದೇ.

ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದೆ. ಆಧಾರ್ ಹೆಸರೆತ್ತಿ ಯಾರೇ ಫೋನ್ ಮಾಡಿದರೂ ಅವರು ಕಳ್ಳರೇ, ಕಟ್ ಮಾಡು ಎಂದು ಚಿಕ್ಕಮ್ಮನಿಗೆ ಬಾಯಿಪಾಠವೇ ಮಾಡಿಸಿದ್ದೆ.

ಅವತ್ತು ಅವ್ವ ಕಣ್ಣು ತೋರಿಸಲು ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಪೆನ್ಷನ್ ಅರ್ಜಿಗೆ ಜೆರಾಕ್ಸ್ ಮಾಡಿಸಲು ಹಿಂದಿನ ದಿನ ತೆಗೆದುಕೊಂಡಿದ್ದ ಅವಳ ಕಾರ್ಡು ನನ್ನ ಬ್ಯಾಗಿನಲ್ಲೇ ಉಳಿದು ಹೊಸದುರ್ಗಕ್ಕೆ ಹೋಗಿತ್ತು. ಕೈಯಲ್ಲಿ ದುಡ್ಡಿದ್ದರೂ ಪುಕ್ಕಟೆ ಬಸ್ಸಿಗೆ ದುಡ್ಡು ಕೊಡುವುದೆಂದರೆ ಅವಳಿಗೆ ಹೊಟ್ಟೆಯುರಿ. ಪಕ್ಕದ ಬೀದಿಯ ಚಿಕ್ಕಮ್ಮನ ಕಾರ್ಡು ಇಸಿದುಕೊಂಡಳು. ಅಕ್ಕತಂಗಿಯರು ಸೀರೆ, ಓಲೆ, ಚಪ್ಪಲಿ ಎಲ್ಲ ಹಂಚಿಕೊಂಡೇ ಬದುಕಿದವರು. ಮುಖವೂ ಒಂದೇ ಅಚ್ಚು. ಆ ಗದ್ದಲದಲ್ಲಿ ಫೋಟೋ ನೋಡುವ ಪುರುಸೊತ್ತು ಯಾವ ಕಂಡಕ್ಟರಿಗಿದೆ?

ಸಂಜೆ ನಾನು ಮನೆಗೆ ಬಂದಾಗ ಚಿಕ್ಕಮ್ಮ ನಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡದ್ದೇ ನಕ್ಕಳು.

"ಇವತ್ತು ಒಬ್ಬ ಕಳ್ಳ ಮೂರು ಸಲ ಫೋನ್ ಮಾಡಿದ್ದ ಕಣಪ್ಪ. ಆಧಾರ್ ಕಾರ್ಡಲ್ಲಿ ಈ ಹೆಸ್ರೈತೆ, ಬಸ್ಸಲ್ಲಿ ಬಿದ್ದು ಆಸ್ಪತ್ರೇಲಿ ಅವ್ರೆ, ನಿಮಗೇನಾಗ್ಬೇಕು ಅಂತಾನೆ. ಅದು ನನ್ ಹೆಸ್ರೇ. ನಾನಿಲ್ಲಿ ಗುಂಡುಕಲ್ಲಿನಂಗೆ ಕುಂತಿದೀನಿ. ನೀನು ಹೇಳ್ದಂಗೆ ಕಟ್ ಮಾಡ್ದೆ."

"ಅವ್ವ ಬಂದ್ಲಾ?" ಎಂದೆ.

"ಇನ್ನೂ ಇಲ್ಲ. ಬೆಳಗ್ಗೆ ನನ್ ಕಾರ್ಡ್ ಇಸ್ಕಂಡು..." ಎನ್ನುತ್ತಿದ್ದವಳ ಮಾತು ಅಲ್ಲಿಗೇ ನಿಂತಿತು. ತೊಡೆಯ ಮೇಲಿದ್ದ ಮೊರ ಜಾರಿ ಕಾಳೆಲ್ಲ ಚೆಲ್ಲಿತು.

ನಾವು ದುರ್ಗದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವ್ವ ಹೋಗಿ ಎರಡು ತಾಸಾಗಿತ್ತು. ಕಾಲಿಗೆ ಕಟ್ಟಿದ್ದ ಚೀಟಿಯಲ್ಲಿ ಚಿಕ್ಕಮ್ಮನ ಹೆಸರಿತ್ತು. ಅದನ್ನು ಓದಿಕೊಂಡ ಚಿಕ್ಕಮ್ಮ ಗೋಡೆಗೆ ಹಣೆ ಚಚ್ಚಿಕೊಂಡಳು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಸ್ವಲ್ಪ ಹೊತ್ತು ಎಚ್ಚರ ಇತ್ತು ಕಣ್ರಿ. ನಾಲಿಗೆ ತೊದಲ್ತಿತ್ತು. ನನ್ ಮಗಂಗೆ ಫೋನ್ ಮಾಡ್ರಿ ಅಂತ ಒಂದೇ ಸಮ ಅಂತಿದ್ರು. ನಂಬರ್ ಹೇಳ್ರಿ ಅಂದ್ರೆ, ನನ್ ಕಾರ್ಡಿನ ಹಿಂದೆ ಬರ್ದವ್ನೆ ನೋಡ್ರಿ ಅಂದ್ರು. ನಾವು ಆ ನಂಬರ್‌ಗೇ ಮಾಡಿದ್ವಿ."

ಬ್ಯಾಗು ಇನ್ನೂ ನನ್ನ ಹೆಗಲಲ್ಲೇ ಇತ್ತು.