ನಾಲ್ಕು ಬೆರಳು ಮೋಟಾದ ಹಿಡಿಕೆ

ಬನವಾಸಿಯ ಶಂಕ್ರಪ್ಪನ ಅಕ್ಕಿ ಗಿರಣಿಯಲ್ಲಿ ಎಂಜಿನ್ ಚಾಲೂ ಮಾಡುವ ಕೆಲಸ ಚೌಡನದು. ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತ, ಎಂಜಿನ್ನಿನ ಗಾಲಿಗೆ ಸಾಕಷ್ಟು ವೇಗ ಬಂತೆಂದು ಕಿವಿಗೆ ತಿಳಿದೊಡನೆ ಎಡಗೈಯಿಂದ ಮೇಲಿನ ಸಣ್ಣ ಕೊಂಡಿ ಬೀಳಿಸುತ್ತಿದ್ದ. ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ವೇಗ ಸಾಲದೆ ಕೊಂಡಿ ಬಿದ್ದರೆ ಎಂಜಿನ್ ಹಿಡಿಕೆಯನ್ನು ಹಿಂದಕ್ಕೆ ಒದೆಯುತ್ತಿತ್ತು.

೧೯೫೭ರಲ್ಲಿ ಶಂಕ್ರಪ್ಪ ಎರಡು ಕೆಲಸ ಮಾಡಿದ. ಭತ್ತ ಸುರಿದಾಗ ಎಂಜಿನ್ ಏದುಸಿರು ಬಿಡುತ್ತದೆಂದು ಹುಬ್ಬಳ್ಳಿಯಿಂದ ಹಳೆಯದೊಂದು ಭಾರದ ಗಾಲಿ ತರಿಸಿದ. ಅದರ ಅಂಚೆಲ್ಲ ದಪ್ಪ ಕಬ್ಬಿಣ; ಒಮ್ಮೆ ತಿರುಗಿತೆಂದರೆ ಬೇಗ ನಿಲ್ಲದು, ನಿಂತಿದ್ದರೆ ಬೇಗ ಏಳದು. ಆಮೇಲೆ ಮೂಟೆ ಒಟ್ಟಲು ಎಂಜಿನ್ನಿನ ಮಗ್ಗುಲಿಗೇ ಕಲ್ಲುಕಟ್ಟೆ ಕಟ್ಟಿಸಿದ. ಹಿಡಿಕೆ ಕಟ್ಟೆಗೆ ತಗಲತೊಡಗಿತು. ಕಟ್ಟೆ ಒಡೆಸಲು ಮನಸ್ಸಾಗದೆ ಹಿಡಿಕೆಯ ತೋಳನ್ನೇ ನಾಲ್ಕು ಬೆರಳಷ್ಟು ಕೊಯ್ಯಿಸಿ ಮತ್ತೆ ಬೆಸೆಯಿಸಿದ.

"ಸಾವ್ಕಾರ್ರ, ಗಾಲಿ ಭಾರ ಮಾಡೀರಿ, ಹಿಡಿಕೆ ಮೋಟ ಮಾಡೀರಿ. ಇದಕ್ಕ ವೇಗ ಬರೂದಿಲ್ರಿ," ಎಂದ ಚೌಡ.

"ನಿನ್ನ ರಟ್ಟ್ಯಾಗ ಕಸುವಿಲ್ಲಂತ ಹೇಳು."

ಮೂರನೆಯ ದಿನ ಗಾಲಿಗೆ ಅರ್ಧ ವೇಗ ಬರುವಷ್ಟರಲ್ಲೇ ಚೌಡನ ದಮ್ಮು ಮುಗಿಯಿತು. ಹೇಗೋ ಹೊತ್ತಿಕೊಂಡೀತೆಂದು ಕೊಂಡಿ ಬೀಳಿಸಿದ. ಎಂಜಿನ್ ಹಿಂದಕ್ಕೆ ಒದೆಯಿತು, ಹಿಡಿಕೆ ಅವನ ಮಣಿಕಟ್ಟು ಮುರಿಯಿತು. ಭತ್ತ ತಂದವರೆಲ್ಲ ಓಡಿ ಬಂದರು. ಶಂಕ್ರಪ್ಪ ಅವರ ಮುಂದೆ, "ಕುಡಿದು ಬಂದಿದ್ದ," ಎಂದುಬಿಟ್ಟ.

ಚೌಡ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಕೆಲಸ ಹೋಯಿತು, ಕುಡುಕನೆಂಬ ಹೆಸರು ಉಳಿಯಿತು. ಸೊಟ್ಟಗೆ ಕೂಡಿದ ಕೈಯೊಂದಿಗೆ, ಹೆಂಡತಿ ಮಂಜಿಯನ್ನು ಕರೆದುಕೊಂಡು ಸಿದ್ದಾಪುರಕ್ಕೆ ಹೋಗಿ ಫಿಟರ್ ಒಬ್ಬರ ಬಳಿ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತ. ಕೆಲಸದಲ್ಲಿ ಹೆಸರು ಬಂತು, ಹೊಟ್ಟೆಯೊಳಗಿನ ಉರಿ ಮಾತ್ರ ಆರಲಿಲ್ಲ.

"ಅವನ ಕೈಗೂ ಒಂದಿನ ಆ ಹಿಡಿಕೆ ಕೊಡ್ತೀನಿ," ಎಂದು ಮಂಜಿಯ ಮುಂದೆ ಹೇಳುತ್ತಿದ್ದ.

ಏಳು ವರ್ಷದ ಮೇಲೆ, ಸುಗ್ಗಿಯ ನಡುವೆ, ಶಂಕ್ರಪ್ಪ ಬಸ್ಸಿಳಿದು ಚೌಡನನ್ನೇ ಹುಡುಕಿಕೊಂಡು ಬಂದ. ಇಷ್ಟು ವರ್ಷ ಇಬ್ಬರು ಆಳುಗಳು ಕೂಡಿ ಹೇಗೋ ತಿರುಗಿಸುತ್ತಿದ್ದರು; ಈಗ ಹಿಡಿಕೆ ಅವರಲ್ಲೊಬ್ಬನ ಹೆಬ್ಬೆರಳು ಮುರಿದಿತ್ತು. ಯಾರೂ ಅದನ್ನು ಮುಟ್ಟಲೊಲ್ಲರು. ಗಿರಣಿ ನಿಂತು ಮೂರು ದಿನ. ಚೌಡ ಸಾಮಾನಿನ ಚೀಲ ಹೆಗಲಿಗೇರಿಸಿ ಹೊರಟ.

ಮರುದಿನ ಬೆಳಿಗ್ಗೆ ಗಿರಣಿಯಲ್ಲಿ ಜನ ಕಾಯುತ್ತಿದ್ದರು. ಚೌಡ ಎಂಜಿನ್ ನೋಡಿ, ಅದೇ ಮೋಟು ಹಿಡಿಕೆಯನ್ನು ಶಂಕ್ರಪ್ಪನ ಮುಂದೆ ಹಿಡಿದ.

"ಎಂಜಿನ್ ಚಲೋ ಐತ್ರಿ. ನೀವ ತಿರುಗಿಸ್ರಿ, ಕೊಂಡಿ ನಾ ಬೀಳಸ್ತೀನಿ."

ಎಲ್ಲರೂ ನೋಡುತ್ತಿದ್ದರು. ಶಂಕ್ರಪ್ಪ ಅಂಗಿಯ ತೋಳು ಮಡಿಸಿ ತಿರುಗಿಸಿದ. ಗಾಲಿ ಸೋಮಾರಿಯಂತೆ ಹೊರಳಿತು. ಅವನ ಮುಖ ಕೆಂಪಾಯಿತು, ಬೆವರು ಇಳಿಯಿತು, ವೇಗ ಮಾತ್ರ ಅರ್ಧಕ್ಕಿಂತ ಏರಲಿಲ್ಲ. ಚೌಡನ ಬೆರಳು ಕೊಂಡಿಯ ಮೇಲಿತ್ತು. ಈಗ ಬೀಳಿಸಿದರೆ ಆ ಕೈಯೂ ಮುರಿಯುತ್ತದೆ. ಏಳು ವರ್ಷ ಬಯಸಿದ್ದು ಒಂದು ಬೆರಳಿನಷ್ಟು ದೂರದಲ್ಲಿತ್ತು.

"ಬೀಳಸಲೇನ್ರಿ?"

"ಬ್ಯಾಡ," ಎಂದ ಶಂಕ್ರಪ್ಪ ಏದುತ್ತ. ಬಿಟ್ಟರೆ ತಿರುಗುವ ಹಿಡಿಕೆ ಕೈಗೇ ಬಡಿದೀತೆಂದು ಬಿಡಲೂ ಧೈರ್ಯವಿಲ್ಲ.

"ಅವತ್ತು ನಾ ಕುಡಿದಿದ್ನೇನ್ರಿ?"

"ಇಲ್ಲ."

"ಎಲ್ಲಾರಿಗೂ ಕೇಳೂವಂಗ ಹೇಳ್ರಿ."

"ಚೌಡ ಕುಡಿದಿರಲಿಲ್ಲ. ಹಿಡಿಕೆ ನಾನ ಕೊಯ್ಸಿದ್ದೆ."

ಮೂಟೆಯ ಮೇಲೆ ಕೂತಿದ್ದ ಮುದುಕಿ ನೀಲಗಂಗವ್ವ, "ಇಷ್ಟು ವರ್ಷ ನಾವೂ ಅವನ್ನ ಕುಡುಕ ಅಂದ್ವಲ್ಲಪಾ," ಎಂದಳು.

ಚೌಡ ಕೊಂಡಿಯಿಂದ ಬೆರಳು ತೆಗೆದ, ಗಾಲಿ ನಿಂತಿತು. ಆದರೆ ಅವನಿಗೆ ಅಷ್ಟು ಸಾಲಲಿಲ್ಲ. ಹಾರೆ ತರಿಸಿ ಶಂಕ್ರಪ್ಪನ ಕೈಗಿಟ್ಟು, ಕಟ್ಟೆ ತೋರಿಸಿದ. ಆಳುಗಳು ಮುಂದೆ ಬಂದರೆ ತಡೆದ. ಊರ ಸಾವುಕಾರ ತಾನೇ ಕಲ್ಲು ಕೀಳುವುದನ್ನು ಮಧ್ಯಾಹ್ನದವರೆಗೆ ಕೂತು ನೋಡಿದ. ಜಾಗವಾದ ಮೇಲೆ ಚೌಡ ತನ್ನ ಚೀಲದಲ್ಲಿ ತಂದಿದ್ದ ಉದ್ದ ತೋಳಿನ ಹಿಡಿಕೆ ಹಾಕಿ ಎಡಗೈಯಲ್ಲಿ ತಿರುಗಿಸಿದ. ಅದೇ ಗಾಲಿ, ಅದೇ ಭಾರ. ಸುತ್ತಿಗೊಂದಿಷ್ಟು ವೇಗ ಏರುತ್ತ ಹೋಯಿತು; ಕೊಂಡಿ ಬಿದ್ದೊಡನೆ ಎಂಜಿನ್ ಹೊತ್ತಿಕೊಂಡಿತು.

ಸಿದ್ದಾಪುರಕ್ಕೆ ಮರಳಿದ ಮೇಲೆ ಮಂಜಿ ಕೇಳಿದಳು: "ಸಮಾಧಾನ ಆತಾ?"

"ಹಿಡಿಕೆ ಅವನ ಕೈಯಾಗಿದ್ದಾಗ ಕೊಂಡಿ ಬೀಳಸಬೇಕಿತ್ತು," ಎಂದ ಚೌಡ, ಆಮೇಲೆ ಊಟಕ್ಕೆ ಕೂತ.