ಉಪ್ಪು ನೀಲಿಯಾದರೆ

ಬೆಳಕು ಹರಿಯುವ ಹೊತ್ತಿಗೇ ಉಪ್ಪಕ್ಕ ಗಲ್ಲಿಯಲ್ಲಿದ್ದಾರೆ, ಇಂದು ಜೊತೆಗೆ ನಾನೂ. ತಡವಾದರೆ ಹೆಂಗಸರು ಕೆಲಸಕ್ಕೆ ಹೊರಟುಬಿಡುತ್ತಾರೆ, ಆಮೇಲೆ ಬೀಗದ ಜೊತೆ ಮಾತಾಡಿಕೊಂಡು ಬರಬೇಕಷ್ಟೆ. ಮೊದಲ ಮನೆಯ ಅಡುಗೆಕಟ್ಟೆಯ ಮೇಲೆ ಚಿಟಿಕೆ ಉಪ್ಪು ಹಾಕಿಸಿಕೊಂಡು ಪುಟ್ಟ ಸೀಸೆಯಿಂದ ಹನಿ ಬಿಡುತ್ತಾರೆ. ಉಪ್ಪು ನೀಲಿಗೆ ತಿರುಗುತ್ತದೆ. "ಚೆನ್ನಾಗಿದೆ ಕಣಮ್ಮ, ಇದನ್ನೇ ಬಳಸು. ಒಲೆ ಪಕ್ಕ ಇಡ್ಬೇಡ, ಡಬ್ಬಿ ಮುಚ್ಚಿಡು" ಎಂದವರೇ ಮುಂದಿನ ಬಾಗಿಲಿಗೆ ನಡೆಯುತ್ತಾರೆ.

ಆರೋಗ್ಯ ಕೇಂದ್ರದ ಈ ಕಾರ್ಯಕರ್ತೆಗೆ ಗಲ್ಲಿಯವರೇ ಇಟ್ಟ ಹೆಸರು ಉಪ್ಪಕ್ಕ. ಹನಿ ಬಿದ್ದಲ್ಲಿ ನೀಲಿಯಾದರೆ ಉಪ್ಪಿನಲ್ಲಿ ಅಯೋಡಿನ್ ಇದೆ ಎಂದರ್ಥ. ಅದು ಸಾಲದೆ ಹೋದರೆ ಕುತ್ತಿಗೆಯಲ್ಲಿ ಗಂಟು ಬರಬಹುದು. ಬಸುರಿಗೆ ತೀರಾ ಕಡಿಮೆಯಾದರೆ ಹೊಟ್ಟೆಯೊಳಗಿನ ಮಗುವಿನ ಬುದ್ಧಿಗೇ ಪೆಟ್ಟು ಬೀಳಬಹುದು.

ಹೊಸತರಲ್ಲಿ ಎಲ್ಲವೂ ತಲೆಕೆಳಗಾಗಿತ್ತು. ಅದಕ್ಕೂ ಮುಂಚೆ ಹಾಲು ಪರೀಕ್ಷಿಸುವವರು ಬಂದು, ಹನಿ ಬಿಟ್ಟಾಗ ನೀಲಿಯಾದರೆ ಕಲಬೆರಕೆ ಎಂದು ಹೇಳಿಹೋಗಿದ್ದರು. ಗಲ್ಲಿ ಅದನ್ನು ಮರೆತಿರಲಿಲ್ಲ. ಉಪ್ಪು ನೀಲಿಯಾದದ್ದೇ ತಡ, ಉಪ್ಪಕ್ಕ ಎಷ್ಟು ಬೇಡವೆಂದರೂ ಕೇಳದೆ ಹೆಂಗಸರು ಪೊಟ್ಟಣಗಳನ್ನೆಲ್ಲ ಮೋರಿಗೆ ಸುರಿದರು. ಬೆಳ್ಳಗೇ ಉಳಿದ ಬಿಡಿ ಉಪ್ಪಿಗೆ ಅಂಗಡಿಯಲ್ಲಿ ನೂಕುನುಗ್ಗಲು. "ಒಳ್ಳೇದನ್ನ ನಾನೇ ಎಸೆಸಿದ ಹಾಗಾಯ್ತು" ಎಂದು ಉಪ್ಪಕ್ಕ ಈಗ ನಗುತ್ತಾರೆ. ಆಗ ಅಳು ಬಂದಿತ್ತಂತೆ.

ಒಂದೊಂದೇ ಮನೆ ದಾರಿಗೆ ಬಂತು. ಜಗ್ಗದೆ ಉಳಿದದ್ದು ದರ್ಜಿ ಅಜ್ಜಿಯ ಮನೆ. ಅಲ್ಲಿ ಸೊಸೆ ಬಸುರಿ.

"ಹಾಲಿಗೆ ಕೆಟ್ಟದ್ದು ಉಪ್ಪಿಗೆ ಒಳ್ಳೇದಾ? ಯಾರ ಕಿವಿಗೆ ಹೂ ಇಡ್ತೀಯ?" ಎಂದು ಅಜ್ಜಿ ಬಾಗಿಲು ಹಾಕುತ್ತಿದ್ದರು. ಉಪ್ಪಕ್ಕ ಬಿಟ್ಟಾರೆಯೇ? ದಿನಾ ಹೋದರು, ದಿನಾ ಬೈಸಿಕೊಂಡರು. ಕೊನೆಗೊಮ್ಮೆ ಹೊಸ್ತಿಲಲ್ಲೇ ಕೂತು ಅಜ್ಜಿಯ ಕಸುಬಿನ ಮಾತಲ್ಲೇ ಹೇಳಿದರು: "ಬಟ್ಟೆಗೆ ಹಾಕೋ ಗಂಜಿ ಗೊತ್ತಲ್ಲ ಅಜ್ಜಿ? ಗಂಜಿ, ಅಯೋಡಿನ್ ಎರಡೂ ಸೇರಿದ್ರೆ ನೀಲಿ. ಅವರ ಸೀಸೇಲಿ ಅಯೋಡಿನ್ ಇತ್ತು, ಹಾಲಿಗೆ ಬೆರೆಸಿದ ಗಂಜೀನ ಹಿಡೀತು. ನನ್ನ ಸೀಸೇಲಿ ಗಂಜಿ ಇದೆ, ಉಪ್ಪಲ್ಲಿರೋ ಅಯೋಡಿನ್ನ ಹಿಡಿಯುತ್ತೆ." ಅಜ್ಜಿ ಹೊಲಿಗೆ ನಿಲ್ಲಿಸಿ ಕೇಳಿಸಿಕೊಂಡರಂತೆ.

ಇಂದು ಬಾಗಿಲು ತೆರೆಯುವುದು ಅಜ್ಜಿಯೇ, ಕೈಯಲ್ಲಿ ಉಪ್ಪಿನ ಡಬ್ಬಿ ಹಿಡಿದು. ಹನಿ ಬೀಳುತ್ತದೆ. ನೀಲಿ. "ಈಗಾದ್ರೂ ಸಮಾಧಾನ ಆಯ್ತಾ ತಾಯಿ?" ಎಂದು ಅಜ್ಜಿ ಗದರುತ್ತಾರೆ. ಒಳಗಿನಿಂದ ಸೊಸೆಯ ನಗು ಕೇಳಿಸುತ್ತದೆ.

ಒಂದು ಮನೆಗಾಗಿ ಇಷ್ಟು ಹಠವೇಕೆಂದು ದಾರಿಯಲ್ಲಿ ಕೇಳುತ್ತೇನೆ. ಉಪ್ಪಕ್ಕ ನಡಿಗೆ ನಿಧಾನ ಮಾಡುತ್ತಾರೆ.

"ನನ್ನ ತಮ್ಮನಿಗೆ ಮೀಸೆ ನರೆತಿದೆ. ಈಗಲೂ ಅಂಗಿ ಗುಂಡಿ ನಾನೇ ಹಾಕ್ಬೇಕು. ಅಮ್ಮ ಬಸುರಿ ಇದ್ದಾಗ ಅಯೋಡಿನ್ ಸಾಲದೆ ಹೀಗಾಯ್ತು ಅಂದ್ರು ಡಾಕ್ಟರು. ಆಗ ನಮ್ಮನೆ ಬಾಗಿಲನ್ನ ಯಾರೂ ತಟ್ಟಿರಲಿಲ್ಲ."