ಉಸಿರು ಬಿಡದ ಪೇಂಟರ್

ನನ್ನ ತಮ್ಮ ಕುರ್ಚಿ, ಕಪಾಟುಗಳಿಗೆ ಬಣ್ಣ ಸಿಂಪಡಿಸುವ ಪೇಂಟರ್. ಅದಕ್ಕೂ ಮೊದಲು ಮರ ಉಜ್ಜಿ ನುಣುಪು ಮಾಡಿಕೊಡುವವಳು ನಾನು. ಒಂದೇ ಶೆಡ್ಡು, ಒಂದೇ ಗಾಳಿ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ಆಸಾಮಿ ಕಿವಿಗೇ ಹಾಕಿಕೊಳ್ಳುವವನಲ್ಲ. ಸ್ಪ್ರೇ ಗನ್ನಿನ ಟ್ರಿಗರ್ ಒತ್ತಿದ ಕೂಡಲೇ ಉಸಿರು ಬಿಗಿಹಿಡಿಯುತ್ತಾನೆ, ಬೆರಳು ತೆಗೆದ ಮೇಲೆಯೇ ಬಿಡುತ್ತಾನೆ. ಒಳಗೆ ಹೋದರೆ ತಾನೆ ತೊಂದರೆ ಎಂಬುದು ಅವನ ವಾದ. ಮಹಾ ಬುದ್ಧಿವಂತ!

ಅವನಿಗೆ ಕೆಮ್ಮು ಶುರುವಾಗಿ ತಿಂಗಳುಗಳಾದರೂ ಆಸ್ಪತ್ರೆಗೆ ಬಾ ಎಂದರೆ ಜಗ್ಗಲಿಲ್ಲ. ಊದಿದ ಉಸಿರಿನಲ್ಲೇ ಶ್ವಾಸಕೋಶದ ಕ್ಯಾನ್ಸರಿನ ಸುಳಿವು ಹುಡುಕುವ ಯಂತ್ರ ಆಸ್ಪತ್ರೆಗೆ ಪ್ರಯೋಗಕ್ಕೆ ಬಂದಿದೆ ಎಂದು ಕೇಳಿದ್ದೇ ತಡ, ಅವನನ್ನು ಎಳೆದುಕೊಂಡು ಹೋದೆ. ನಮ್ಮಪ್ಪ ಇಂಥದೇ ಕೆಮ್ಮಿನಲ್ಲಿ ಹೋದರು, ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು.

ನರ್ಸಮ್ಮ ಯಂತ್ರದ ಚೀಲಕ್ಕೆ ಸೇರಿಸಿದ ಕೊಳವೆ ಕೊಟ್ಟು, ಎದೆ ತುಂಬ ಗಾಳಿ ಎಳೆದು ನಿಧಾನವಾಗಿ ಪೂರ್ತಿ ಬಿಡಿ ಎಂದರು. ಇವನು ಎಳೆದ. ಬಿಡಲಿಲ್ಲ. ಮುಖ ಕೆಂಪಾಯಿತು, ಯಂತ್ರ ಕೀ ಎಂದು ನಿಂತಿತು. ಇನ್ನೊಮ್ಮೆಯೂ ಅದೇ ಕಥೆ. ಬೇರೆ ದಿನ ಬನ್ನಿ ಎಂದು ನರ್ಸಮ್ಮ ಹೇಳಿದ್ದೇ ಇವನು ಎದ್ದೇಬಿಟ್ಟ. ಇವತ್ತು ಹೋದವನು ಮತ್ತೆ ಬರುತ್ತಾನೆಯೇ? ರಟ್ಟೆ ಹಿಡಿದು ಕೂರಿಸಿ, ಮತ್ತೆ ಕೊಳವೆ ಕೊಡಿಸಿದೆ. ಆಗ ಕಂಡಿತು, ಅವನ ತೋರುಬೆರಳು ಕುರ್ಚಿಯ ಕೈಯನ್ನು ಬಿಗಿಯಾಗಿ ಒತ್ತಿಕೊಂಡಿತ್ತು.

"ಗನ್ ಕೆಳಗಿಡೋ," ಎಂದೆ.

ನನಗೆ ತಲೆ ಕೆಟ್ಟಿದೆ ಎನ್ನುವಂತೆ ನರ್ಸಮ್ಮ ನೋಡಿದರು. ಅವನ ಬೆರಳು ಸಡಿಲವಾಯಿತು. ಉಸಿರು ಹೊರಬಂದು ಚೀಲ ತುಂಬಿತು.

ಆಮೇಲೆ ಒಂದು ಹಲಗೆಯನ್ನೂ ನೆಟ್ಟಗೆ ಉಜ್ಜಲಾಗಲಿಲ್ಲ. ಫೋನ್ ಸದ್ದಾದರೆ ಸಾಕು, ಕೈಲಿದ್ದದ್ದನ್ನು ಬಿಸಾಕಿ ಓಡುತ್ತಿದ್ದೆ. ಉಸಿರಿನಲ್ಲಿ ಅನುಮಾನ ಕಂಡು ಸ್ಕ್ಯಾನ್ ಮಾಡಿಸಿದರು, ಬಟಾಣಿಯಷ್ಟು ಗಂಟು. ಅದರ ಚೂರು ತೆಗೆದು ನೋಡಿ ಡಾಕ್ಟರು ಕರೆಸಿದರು. ಕ್ಯಾನ್ಸರೇ, ಆದರೆ ಹರಡಿಲ್ಲ, ಆಪರೇಷನ್ ಮಾಡಿ ತೆಗೆಯಬಹುದು ಎಂದರು. ಅಪ್ಪನಿಗೆ ಸಿಗದ ಮಾತು ಇವನಿಗೆ ಸಿಕ್ಕಿತಲ್ಲ ಎಂದು ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ.

ತಮ್ಮ ನನ್ನ ಪಕ್ಕ ಬಂದು ಕೂತ.

"ಅಕ್ಕಾ, ಈಗ ನೀನು ಊದು," ಎಂದ. "ನಾನಾದ್ರೂ ಆಗಾಗ ಉಸಿರು ಹಿಡ್ಕೋತಿದ್ದೆ. ನೀನು ಇಷ್ಟು ವರ್ಷ ಅದೇ ಶೆಡ್ಡಲ್ಲಿ ಎಲ್ಲಾನೂ ಎಳ್ಕೊಂಡೇ ಇದ್ದೆ."